ಮಿಕ್ಸರಿಗೊಂದು ಗಾಡಿ

೩, ಸೋಮವಾರ. ಬೆಳಿಗ್ಗೆ

ಮಿಕ್ಸರ್ ತೊಳೆದೆ. ನಿನ್ನೆಯೂ ತೊಳೆದಿದ್ದೆ. ಎಷ್ಟೋ ದಿನದಿಂದ ಕಾಂಕ್ರೀಟಿನ ಮುಖವನ್ನೇ ಕಾಣದ ಡ್ರಮ್ಮಿನಲ್ಲಿ ತೊಳೆಯುವುದಕ್ಕೇನಿದೆ? ಕೈ ಸುಮ್ಮನಿರುವುದಿಲ್ಲ, ಅಷ್ಟೇ.

ನಮ್ಮ ಹಳೆಯ ಪಿಕಪ್ ಹೋಯಿತು. ಗುಡ್ಡದ ಇಳಿಜಾರಿನಲ್ಲಿ ಹಿಂದೆ ಕಟ್ಟಿದ್ದ ಮಿಕ್ಸರ್ ನೂಕಿತು, ಬ್ರೇಕ್ ಹಿಡಿಯಲಿಲ್ಲ. ಗಾಡಿ ಚರಂಡಿಗೆ. ಅಣ್ಣನ ಎಡಗಾಲಿಗೆ ಪ್ಲಾಸ್ಟರ್. ಮಿಕ್ಸರಿಗೆ ಮಾತ್ರ ಒಂದು ಗೀರೂ ಇಲ್ಲ. ದರಿದ್ರದ್ದು.

ಹದಿನಾಲ್ಕಕ್ಕೆ ಗುಡ್ಡದಾಚೆಯ ಬಡಾವಣೆಯಲ್ಲಿ ಮನೆಯೊಂದಕ್ಕೆ ಸ್ಲ್ಯಾಬ್ ಹಾಕುವುದಿದೆ. ಅಷ್ಟರೊಳಗೆ ಮಿಕ್ಸರ್ ತಲುಪದಿದ್ದರೆ ಅಲ್ಲಿನ ಅಷ್ಟೂ ಮನೆಗಳ ಕೆಲಸ ಬೇರೆಯವರಿಗೆ — ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದ್ದಾನೆ. ಮನೆಗೆ ಇರುವ ದುಡಿಮೆ ಇದೊಂದೇ. ಗಾಡಿ ಹುಡುಕುವುದು ನನ್ನ ತಲೆಗೆ ಬಿತ್ತು.

"ಪರೀಕ್ಷೆ ಅಂದ್ರೆ ಸ್ಕೂಲ್ ಕಾಂಪೌಂಡ್ ಹಾರಿದೋನು, ಈಗ ಗಾಡಿಗಳಿಗೆ ಪರೀಕ್ಷೆ ಇಡ್ತಾನಂತೆ" ಎಂದರು ಅತ್ತಿಗೆ. ಇಬ್ಬರೂ ನಕ್ಕೆವು. ಅಣ್ಣ ನಗಲಿಲ್ಲ.

೫. ಮಧ್ಯಾಹ್ನ

ಸೆಕೆಂಡ್ ಹ್ಯಾಂಡ್ ಗಾಡಿಗಳ ಯಾರ್ಡ್. ಕೆಂಪು ಪಿಕಪ್. ಹೊಸ ಸೀಟ್ ಕವರ್, ಟೈರಿಗೆ ಪಾಲಿಶ್.

"ಆನೆ ಕಟ್ಟಿದ್ರೂ ಎಳೆಯುತ್ತೆ ತಮ್ಮಾ."

"ಆನೆ ಇಲ್ಲ. ಮಿಕ್ಸರ್ ಇದೆ. ಕಟ್ಕೊಂಡು ಗುಡ್ಡ ಹತ್ತಿಸಿ ನೋಡ್ಲಾ?"

ಯಾರ್ಡಿನವನ ಮುಖ ಹುಳ್ಳಗಾಯಿತು. ಗಾಡಿಯ ಕೆಳಗೆ ತೂರಿದೆ. ಗಾಡಿಯ ಬೆನ್ನೆಲುಬಾದ ಚಾಸಿಯಲ್ಲಿ ಗೇಣುದ್ದ ಮಾತ್ರ ಹೊಸ ಬಣ್ಣ. ಮೊಳೆಯಿಂದ ಕೆರೆದರೆ... ವೆಲ್ಡಿಂಗ್. ಒಮ್ಮೆ ಮುರಿದದ್ದು.

ಎದ್ದು ಬರುವಷ್ಟರಲ್ಲಿ ಹಾಲಿನ ವ್ಯಾಪಾರಿಯೊಬ್ಬ ಅದೇ ಗಾಡಿಯ ಬಾಗಿಲು ತೆಗೆದು ನೋಡುತ್ತಿದ್ದ. "ಹೇಗಿದೆಯಪ್ಪಾ?" ಎಂದು ನನ್ನನ್ನೇ ಕೇಳಿದ. ಕೇಳಿದ ಮೇಲೆ ಏನು ಮಾಡುವುದು? ಹೇಳಿದೆ.

"ಗಾಡಿ ತಗೊಳ್ಳೋಕೆ ಬಂದ್ಯಾ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ಯಾ?" ಯಾರ್ಡಿನವನು ಕತ್ತಿನ ಪಟ್ಟಿ ಹಿಡಿದು ಗೇಟಿನಾಚೆ ಬಿಟ್ಟ.

೯

ಸುದ್ದಿ ನನಗಿಂತ ಮುಂದೆ ಓಡುತ್ತಿದೆ. ಯಾವ ಯಾರ್ಡಿಗೆ ಹೋದರೂ ಗೇಟಿನಲ್ಲೇ — "ಓಹೋ, ಮೊಳೆ ಸಾಹೇಬ್ರು!" ಮಿಕ್ಸರ್ ಕಟ್ಟಲು ಯಾರೂ ಬಿಡುವುದಿಲ್ಲ. ಬಾಡಿಗೆಗೆ ಒಂದು ಟ್ರ್ಯಾಕ್ಟರೂ ಖಾಲಿ ಇಲ್ಲ, ಎಲ್ಲ ಕೊಯ್ಲಿಗೆ ಹೋಗಿವೆ.

"ಸ್ವಲ್ಪ ದಿನ ಬಾಯಿಗೆ ಬೀಗ ಹಾಕ್ಕೊಳೋ. ಕೈ ಮುಗೀತೀನಿ" ಎಂದ ಅಣ್ಣ. ನಿಜವಾಗಿಯೂ ಮುಗಿದ. ಅಣ್ಣ. ನನಗೆ.

೧೨. ಸಂಜೆ

ಸಸಿ ಮಾರುವ ಹೆಂಗಸೊಬ್ಬರು ತಮ್ಮ ಪಿಕಪ್ ಮಾರಾಟಕ್ಕಿಟ್ಟಿದ್ದಾರೆಂದು ಗೊತ್ತಾಗಿ ಓಡಿದೆ. "ಏನು ಬೇಕಾದ್ರೂ ಕಟ್ಕೊಂಡು ಹೋಗಿ ನೋಡಪ್ಪ. ಪಾಪ, ಹೂವಿನ ಕುಂಡ ಬಿಟ್ರೆ ಬೇರೇನೂ ಹೊತ್ತಿಲ್ಲ ಅದು."

ಎಂಜಿನ್ನಿಗೆ ಹೆಸರಿಡುವಂತಿಲ್ಲ. ಮಿಕ್ಸರ್ ಕಟ್ಟಿ, ಏರಿನ ನಡುವೆ ನಿಲ್ಲಿಸಿ, ಮತ್ತೆ ಎಬ್ಬಿಸಿದೆ. ಒಂದಿಷ್ಟೂ ಜಾರದೆ ಹತ್ತಿತು. ಕಣ್ಣಲ್ಲಿ ನೀರು ಬಂತು.

ಆಮೇಲೆ ಇಳಿಸಿದೆ. ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯಿತು. ಎರಡನೆಯದರಲ್ಲಿ ಮಿಕ್ಸರ್ ಹಿಂದಿನಿಂದ ನೂಕಿತು. ಸುಟ್ಟ ವಾಸನೆ. ಪೆಡಲ್ ಮೆತ್ತಗೆ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ಮಣ್ಣುಗುಡ್ಡೆಗೆ ಹತ್ತಿಸಿ ನಿಲ್ಲಿಸಿದೆ.

ಮೆಕ್ಯಾನಿಕ್ಕಿಗೆ ತೋರಿಸಿದೆ. "ಬ್ರೇಕ್ ಸರಿಯಾಗೇ ಇದೆ ಕಣೋ. ಗಾಡಿ ಹಗುರ. ಕುಂಡ ಹೊರೋಕೆ ಸರಿ. ನಿನ್ನ ಮಿಕ್ಸರ್ ಇದನ್ನ ಆಟ ಆಡಿಸುತ್ತೆ."

ಮನೆಯಲ್ಲಿ ಅಣ್ಣ ಕೇಳಿದ್ದು ಒಂದೇ. "ಎಳೆಯುತ್ತಾ?"

ಎಳೆಯುತ್ತೆ ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಎಳೆಯುತ್ತೆ. ಇಳಿಜಾರಲ್ಲಿ ನಿಲ್ಲಲ್ಲ."

ಅಣ್ಣ ಫೋನ್ ಕೈಗೆತ್ತಿಕೊಂಡ. "ಎಳೆಯುತ್ತೆ ಅಂದ್ಯಲ್ಲ. ಸಾಕು."

೧೩

ಗಾಡಿ ಅಂಗಳಕ್ಕೆ ಬಂದಿದೆ. ಅಣ್ಣನೇ ಫೋನಿನಲ್ಲಿ ಮಾತು ಮುಗಿಸಿದ. ನಾನು ಓಡಿಸುವುದಿಲ್ಲ ಎಂದೆ.

"ಬೇಡ ಬಿಡು, ನಾನೇ ಓಡಿಸ್ತೀನಿ. ಮುರಿದಿರೋದು ಕ್ಲಚ್ ಕಾಲು. ಕ್ಲಚ್ಚಿಗೆ ಊರುಗೋಲಿದೆ. ಬ್ರೇಕ್ ಕಾಲು ಕಬ್ಬಿಣ."

"ಕಾಲು ಕಬ್ಬಿಣ ಆದ್ರೇನ್ರೀ ಬಂತು, ಬ್ರೇಕೇ ಬೆಣ್ಣೆ ಅಂತಿದ್ದಾನಲ್ಲ!" ಅತ್ತಿಗೆ ತಟ್ಟೆ ಕುಕ್ಕಿದರು. ಯಾರೂ ಊಟ ಮಾಡಲಿಲ್ಲ. ಅಣ್ಣ ತಮಾಷೆ ಮಾಡುತ್ತಿಲ್ಲ. ಕುಂಟುತ್ತ ಹೋಗಿ ಸೀಟಿನಲ್ಲಿ ಕೂತು, ಊರುಗೋಲಿನಿಂದ ಕ್ಲಚ್ ಒತ್ತಿ ಒತ್ತಿ ನೋಡಿದ.

೧೪. ಬೆಳಿಗ್ಗೆ

ಎದ್ದವನೇ ಗಾಡಿಯಿಂದ ಮಿಕ್ಸರಿನ ಕೊಕ್ಕೆ ಕಳಚಿದೆ. ಕೊಕ್ಕೆಯನ್ನು ಗಾಡಿಗೆ ಬಿಗಿಯುವ ಪಿನ್ನು ನನ್ನ ಜೇಬಿನಲ್ಲಿದೆ. ಬಚ್ಚಿಟ್ಟು ಸುಮ್ಮನಿರುವುದೂ ಒಂದು ಸುಳ್ಳೇ. ಮೇಸ್ತ್ರಿಗೆ ಫೋನ್ ಮಾಡಿದೆ.

"ನಮ್ಮ ಮಿಕ್ಸರ್ ಬರಲ್ಲ. ಬೇರೆಯವರನ್ನ ಕರೆಸಿ."

"ಗಾಡಿ ಸಿಕ್ತು ಅಂದ್ನಲ್ಲೋ ನಿಮ್ಮಣ್ಣ?"

"ಸಿಕ್ತು. ಇಳಿಜಾರಲ್ಲಿ ನಿಲ್ಲಲ್ಲ. ಕೆಳಗೆ ನಿಮ್ಮ ಜನ ಕೆಲಸ ಮಾಡ್ತಿರ್ತಾರೆ."

"ಹಾಗಾದ್ರೆ ನೀವಿನ್ನು ಈ ಕಡೆ ತಲೆ ಹಾಕೋದೇ ಬೇಡ." ಕಟ್ ಮಾಡಿದ.

ಹೋಯಿತು. ಅಷ್ಟೂ ಮನೆ ಹೋಯಿತು. ನಾನೇ ಕಳೆದೆ. ನಾಳೆ ಒಲೆ ಹೇಗೆ ಉರಿಯುತ್ತದೋ ಗೊತ್ತಿಲ್ಲ.

ಅಂಗಳದಲ್ಲಿ ಊರುಗೋಲಿನ ಸದ್ದು. ಅಣ್ಣ ಬಾನೆಟ್ ಬಡಿದು ಕೂಗುತ್ತಿದ್ದಾನೆ. "ಏಯ್, ಪಿನ್ನೆಲ್ಲೋ?"

ಈಗ ಬಾಗಿಲ ಹತ್ತಿರ ಬಂದ. ಪಿನ್ನು ಕೈಗೆ ಕೊಟ್ಟು, ಮುಖ ನೋಡಿಯೇ ಹೇಳಬೇಕು. ಅಣ್ಣಾ, ನಾನು ಮೇಸ್ತ್ರಿಗೆ —