ಪ್ರಿಂಟರ್ ಬಿಡುವುದಿಲ್ಲ

ಜೂನ್ 9, ಸೋಮವಾರ

ಇವತ್ತೂ ಪ್ರಿಂಟರ್. ಬ್ಯಾಗ್ ಕೆಳಗಿಡುವ ಮೊದಲೇ ಮೂರು ಟೇಬಲ್ಲಿನಿಂದ ಕೂಗು. ಹಾಸಿಗೆ ಕಾರ್ಖಾನೆಯ ಆಫೀಸು — ಕೀಬೋರ್ಡಿನ ಸಂದಿಯಲ್ಲೆಲ್ಲ ಹತ್ತಿಯ ಎಳೆ, ಮೂಗಿನಲ್ಲೂ ಅದೇ. ನನ್ನ ಕೆಲಸ ಬಿಲ್ ಮಾಡುವುದು. ಬಿಲ್ಲಿಗೆ ಕೂತಾಗ ಊಟದ ಹೊತ್ತು ಹತ್ತಿರ ಬಂದಿತ್ತು.

ಪರದೆಯ ಮೇಲೆ ಬಂದ ಇಂಗ್ಲಿಷ್ ವಾಕ್ಯವನ್ನು ಇದ್ದ ಹಾಗೇ ನೆಟ್‌ನಲ್ಲಿ ಹಾಕಿದೆ. ಎಲ್ಲಿಯವನೋ, ಇದೇ ತೊಂದರೆ ಬರೆದಿದ್ದ. ಕೆಳಗೆ ಅವನದೇ ಉತ್ತರ: ಸರಿಹೋಯಿತು, ಎಲ್ಲರಿಗೂ ಥ್ಯಾಂಕ್ಸ್. ಹೇಗೆ ಸರಿಹೋಯಿತು ಮಹಾರಾಯ? ಅದನ್ನು ಹೇಳಿ ಸಾಯಬಾರದೇ! ಇನ್ನೂ ಕೆಳಗೆ ಹೋದರೆ ಒಬ್ಬಳು ಮಗುವಿಗೆ ಹೇಳುವ ಹಾಗೆ ಬಿಡಿಸಿ ಬರೆದಿದ್ದಳು. ಅವಳು ಹೇಳಿದಂತೆ ಮಾಡಿದೆ. ಪ್ರಿಂಟರ್ ಗೊರಗುಟ್ಟಿ ಎದ್ದಿತು.

"ನೀವು ಕಂಪ್ಯೂಟರ್ ಡಾಕ್ಟ್ರು ಬಿಡಿ," ಮ್ಯಾನೇಜರ್ ಅಂದರು.

"ನಂಗೇನೂ ಬರಲ್ಲ ಸರ್. ಹುಡುಕ್ತೀನಿ ಅಷ್ಟೇ."

"ನೋಡಿ, ಈ ವಿನಯಾನೇ ದೊಡ್ಡದು."

ವಿನಯವಂತೆ.

ಜೂನ್ 12

ಮ್ಯಾನೇಜರ್ ಹತ್ತಿರ ವರ್ಗಾವಣೆಯ ವಿಷಯ ಮತ್ತೆ ಎತ್ತಿದೆ. ನಮ್ಮ ಯಜಮಾನರ ಕೆಲಸ ಬೇರೆ ಊರಿಗೆ ಹೋದಾಗಿನಿಂದ ಅತ್ತೆ, ಮಗಳು ಗುಬ್ಬಿ ಎಲ್ಲರೂ ಅಲ್ಲೇ. ನಾನೊಬ್ಬಳು ಇಲ್ಲಿ, ಒಂದು ರೂಮಿನಲ್ಲಿ. ನಮ್ಮ ಕಂಪನಿಯ ಬ್ರಾಂಚ್ ಅಲ್ಲಿದೆ, ಬಿಲ್ಲಿನ ಸೀಟೂ ಖಾಲಿ ಇದೆ. ಇಲ್ಲಿಂದ ಒಂದು ಸಹಿ ಬೀಳಬೇಕು.

"ಕಳಿಸ್ಬೋದಮ್ಮ. ಆದ್ರೆ ಇಲ್ಲಿ ಕಂಪ್ಯೂಟರ್ ನೋಡೋರು ಯಾರು? ನೀವೇ ಹೇಳಿ."

"ರಿಪೇರಿಯವರನ್ನ ಕರೆಸ್ಬೋದಲ್ಲ ಸರ್."

"ಮನೇಲೇ ಡಾಕ್ಟ್ರಿರೋವಾಗ..." ನಕ್ಕರು. ಡ್ರಾಯರ್ ಮುಚ್ಚಿದರು. ಅರ್ಜಿ ಅದರೊಳಗೆ.

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ನನ್ನ ಬಾಳು. ಮೊದಲ ದಿನವೇ ಕೈಕಟ್ಟಿ ಕೂತಿದ್ದರೆ ಎಂದೋ ಕಳಿಸಿಬಿಡುತ್ತಿದ್ದರು.

ಸಂಜೆ ಗುಬ್ಬಿ ವಿಡಿಯೊದಲ್ಲಿ ಬಾಯಿ ತೆರೆದು ತೋರಿಸಿದಳು. ಮುಂದಿನ ಹಲ್ಲು ಬಿದ್ದಿದೆ. ಚಿತ್ರ ಅಲ್ಲೇ ನಿಂತುಹೋಯಿತು, ಬಾಯಿ ತೆರೆದ ಹಾಗೇ. ಊರಿನ ಕಂಪ್ಯೂಟರ್‌ಗಳಿಗೆಲ್ಲ ಮದ್ದು ಹುಡುಕುವವಳು... ನನ್ನ ರೂಮಿನ ನೆಟ್ ಸರಿಮಾಡುವ ತ್ರಾಣವಿರಲಿಲ್ಲ.

ಜೂನ್ 21, ಶನಿವಾರ. ಬಸ್ ಸ್ಟಾಂಡ್

ಗುಬ್ಬಿಯನ್ನು ನೋಡಲು ಹೊರಟಿದ್ದೆ. ಅರ್ಧ ದಾರಿಯಲ್ಲಿ ಮ್ಯಾನೇಜರ್ ಫೋನ್. ಆಫೀಸಿನ ಒಂದು ಕಂಪ್ಯೂಟರಿಗೂ ಇನ್ನೊಂದು ಕಾಣುತ್ತಿಲ್ಲವಂತೆ. ಬಿಲ್ ಆಗುತ್ತಿಲ್ಲ. ತುಂಬಿದ ಲಾರಿಗಳು ಗೇಟಿನಲ್ಲಿ ನಿಂತಿವೆ.

ಫೋನಿನಲ್ಲೇ ಹೇಳಿಕೊಟ್ಟೆ. "ಎಡಗಡೆ ಒತ್ತಿ ಸರ್." "ಯಾರ ಎಡಗಡೆ?" ಕೊನೆಗೆ — "ನೀವೇ ಬಂದ್ಬಿಡಿ ತಾಯಿ, ಡ್ರೈವರ್‌ಗಳು ನನ್ನ ಹರಿದು ತಿಂತಾರೆ."

ಆಗುವುದಿಲ್ಲ ಎನ್ನಬೇಕಿತ್ತು. ಇಳಿದುಬಿಟ್ಟೆ.

ಈಗ ವಾಪಸ್ ಹೋಗುವ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಗುಬ್ಬಿಗೆ ಹೇಳಬೇಕು. ಇನ್ನೂ ಫೋನ್ ಮಾಡಿಲ್ಲ.

ಜೂನ್ 24

ಒಂದು ಉಪಾಯ ಹೊಳೆದಿದೆ. ಇನ್ನೊಬ್ಬರಿಗೆ ಕಲಿಸಿಬಿಟ್ಟರೆ ನನ್ನನ್ನು ಹಿಡಿದಿಡಲು ಕಾರಣವೇ ಇರುವುದಿಲ್ಲ.

ಪಕ್ಕದ ಟೇಬಲ್ಲಿನ ಕ್ಯಾಶಿಯರ್ ಅಕ್ಕನನ್ನು ಹಿಡಿದೆ. "ಈ ವಯಸ್ಸಲ್ಲಿ ನಂಗ್ಯಾಕೆ ಮಾರಾಯ್ತಿ?" ಅಂದರು. ಆದರೂ ಕನ್ನಡಕ ಏರಿಸಿ ಬಗ್ಗಿದರು.

"ನೆನಪಿಟ್ಕೊಳ್ಳೋದು ಏನೂ ಇಲ್ಲ ಅಕ್ಕ. ಅದು ಏನು ಬೈತಿದೆಯೋ ಅದನ್ನೇ ಬರೀರಿ. ನಿಮ್ಮ ಹಾಗೆ ಬೈಸ್ಕೊಂಡೋರು ಇನ್ನೊಬ್ರು ಇದ್ದೇ ಇರ್ತಾರೆ."

"ಅವರು ಸುಳ್ಳು ಹೇಳಿದ್ರೆ?"

ಒಳ್ಳೆಯ ಪ್ರಶ್ನೆ. ಇಬ್ಬರು ಮೂವರು ಅದೇ ಮಾತು ಹೇಳಿದರೆ ನಂಬಿ, ಏನಾದರೂ ಅಳಿಸಿ ಎಂದರೆ ಮಾತ್ರ ಕೈ ತೆಗೆಯಿರಿ ಎಂದೆ.

ಜುಲೈ 14, ಸೋಮವಾರ

ಊಟ ಮುಗಿಸಿ ಬಂದರೆ ಅಕ್ಕನ ಕಂಪ್ಯೂಟರ್ ಸರಿಯಾಗಿದೆ. ಬೆಳಿಗ್ಗೆ ಕೈಕೊಟ್ಟದ್ದು, ಮುಟ್ಟಲು ನನಗೆ ಪುರುಸೊತ್ತಾಗಿರಲಿಲ್ಲ.

"ಅಕ್ಕ! ನೀವೇ ಮಾಡಿದ್ರಾ?"

ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. "ಮೆಲ್ಲಗೆ. ನಂಗೆ ಬರುತ್ತೆ ಅಂತ ಒಬ್ಬರಿಗೂ ಹೇಳ್ಬೇಡ. ನಿನ್ನ ಗತಿ ದಿನಾ ನೋಡ್ತಿಲ್ವಾ ನಾನು?"

ಅವರ ಯಜಮಾನರು ಹಾಸಿಗೆ ಹಿಡಿದು ವರ್ಷವಾಯಿತು. ನೋಡಿಕೊಳ್ಳುವ ಹೆಂಗಸು ಸಂಜೆ ಹೊರಟುಬಿಡುತ್ತಾಳೆ. ಅಷ್ಟರೊಳಗೆ ಅಕ್ಕ ಮನೆ ಸೇರಬೇಕು.

ಅಕ್ಕನಿಗೆ ಬರುತ್ತದೆ ಎಂದು ಹೇಳಿಬಿಡಬೇಕೆನಿಸಿತು. ಮ್ಯಾನೇಜರ್ ಕೋಣೆಯ ಬಾಗಿಲವರೆಗೂ ಹೋದೆ. "ಏನಮ್ಮ?" ಅಂದರು. "ಏನಿಲ್ಲ ಸರ್, ಪ್ರಿಂಟರ್ ಸರಿ ಇದೆಯಾ ಅಂತ ಕೇಳೋಕೆ ಬಂದೆ," ಅಂದೆ. ನನ್ನ ಬಾಯಿಗೆ ಬೇರೆ ಮಾತೇ ಬರುವುದಿಲ್ಲವೇನೋ ಈಗ.

ಆಗಸ್ಟ್ 6

ಬೆಳಿಗ್ಗೆ ಅತ್ತೆಯ ಫೋನ್. ಗುಬ್ಬಿಗೆ ಜ್ವರ ಏರಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ. "ಅಮ್ಮ ಅಮ್ಮ ಅಂತ ಕನವರಿಸ್ತಿದೆ ಮಗು. ಹೊರಟು ಬಾ."

ರಜೆ ಕೇಳಲು ಹೋದರೆ ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಯಾವುದೋ ಅಪ್‌ಡೇಟ್ ಬಂದು ಎಲ್ಲ ಕಂಪ್ಯೂಟರ್ ಮತ್ತೆ ಒಂದಕ್ಕೊಂದು ಕುರುಡು.

"ಹೋಗಿ, ಹೋಗ್ಬೇಡಿ ಅಂತೀನಾ? ಇದೊಂದು ಮುಗಿಸಿ ಹೋಗಿ."

ಕೂತೆ. ಹೋದ ಸಲದ ಉಪಾಯ ಈ ಸಲ ನಡೆಯಲಿಲ್ಲ. ಪುಟದ ಮೇಲೆ ಪುಟ ತೆರೆದೆ. ಒಬ್ಬ ಹೌದೆನ್ನುತ್ತಾನೆ, ಇನ್ನೊಬ್ಬ ಅಲ್ಲವೆನ್ನುತ್ತಾನೆ. ಅಕ್ಷರ ಕಣ್ಣಿಗೆ ಕಂಡರೂ ತಲೆಗೆ ಇಳಿಯುತ್ತಿಲ್ಲ. ಪಾಸ್‌ವರ್ಡ್ ತಪ್ಪುತ್ತಿತ್ತು. ಸುತ್ತ ಎಲ್ಲರೂ ನಿಂತಿದ್ದರು. ಒಬ್ಬರೂ ಏಳು ಎನ್ನಲಿಲ್ಲ.

ಕುರ್ಚಿ ಎಳೆದ ಸದ್ದು. ಕ್ಯಾಶಿಯರ್ ಅಕ್ಕ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ಏಳು. ಬಸ್ ಹಿಡಿ."

ನನ್ನ ಜಾಗದಲ್ಲಿ ತಾವೇ ಕೂತರು. ಮ್ಯಾನೇಜರ್ ಬಾಯಿ ಬಿಟ್ಟು ನೋಡಿದರು. "ನಿಮಗೆ ಬರುತ್ತೇನ್ರೀ ಇದು?"

"ಬರಲ್ಲ. ಇವಳಿಗೂ ಬರಲ್ಲ. ಹುಡುಕ್ತೀವಿ," ಅಂದರು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಈ ಹುಡುಗೀನ ಕಳಿಸ್ದೆ ಇಟ್ಕೊಂಡಿದೀರಲ್ಲ, ಆ ಸಹಿ ಇವತ್ತೇ ಹಾಕಿ. ಇಲ್ದಿದ್ರೆ ನಾನೂ ಏಳ್ತೀನಿ."

ಹಾಕಿದರು. ನಿಂತಲ್ಲೇ, ಪ್ರಿಂಟರ್ ಮೇಲೆ ಕಾಗದ ಇಟ್ಟುಕೊಂಡು.

ಆಗಸ್ಟ್ 8

ಆಸ್ಪತ್ರೆ. ಜ್ವರ ಇಳಿದಿದೆ. ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಮೊಳೆಯುತ್ತಿದೆ, ಬೆರಳಿಗೆ ಚುಚ್ಚುತ್ತದೆ. ವಿಡಿಯೊದಲ್ಲಿ ಕಂಡಿರಲಿಲ್ಲ.

ಆಗಸ್ಟ್ 30, ಶನಿವಾರ

ಹಳೆಯ ಆಫೀಸಿನಲ್ಲಿ ಕೊನೆಯ ದಿನ. ಮ್ಯಾನೇಜರ್ ಈಗ "ಅಕ್ಕಾ" ಎಂದು ಆ ಟೇಬಲ್ಲಿಗೆ ಕೂಗುತ್ತಾರೆ. ಕೇಳಿದಾಗಲೆಲ್ಲ ನನಗೆ ಚುಚ್ಚುತ್ತಿತ್ತು.

"ನನ್ನಿಂದ ನೀವು ಸಿಕ್ಕಿಹಾಕ್ಕೊಂಡ್ರಿ ಅಕ್ಕ."

"ಯಾರು ಸಿಕ್ಕಿದ್ದು? ಸಂಜೆ ಆದ್ರೆ ಏಳ್ತೀನಿ ನಾನು. ಲಾರಿ ನಿಂತ್ರೆ ನಿಂತ್ಕೊಳ್ಲಿ. ಎಲ್ಲಾ ಹುಡುಕಿದೆ ನೀನು, ಆಗಲ್ಲ ಅನ್ನೋದು ಹೇಗೆ ಅಂತ ಒಂದಿನ ಹುಡುಕಲಿಲ್ಲ ನೋಡು."

ನಕ್ಕರು. ನನಗೆ ನಗಲಾಗಲಿಲ್ಲ. ಮುಖ ಸೋತಿತ್ತು ಅವರದು.

ಸೆಪ್ಟೆಂಬರ್ 4. ಬೆಳಿಗ್ಗೆ

ಮನೆ. ಇವರು ಸ್ನಾನಕ್ಕೆ ಹೋಗಿದ್ದಾರೆ. ಗುಬ್ಬಿ ಪಕ್ಕದಲ್ಲಿ ಮಲಗಿದ್ದಾಳೆ, ಕಾಲು ನನ್ನ ಮೇಲೆ ಹಾಕಿ. ಹೊಸ ಆಫೀಸಿನಲ್ಲಿ ನನಗೆ ಬಿಲ್ ಮಾಡಲು ಬರುತ್ತದೆ ಎಂದಷ್ಟೇ ಹೇಳಿದ್ದೇನೆ.

ಫೋನ್ ಹೊಡೆದುಕೊಂಡಿತು. ಹಳೆಯ ಮ್ಯಾನೇಜರ್. ಕೈ ಚಾಚಿದೆ. ಅಷ್ಟರಲ್ಲಿ ಅಕ್ಕನ ಮೆಸೇಜ್ —

"ಎತ್ಬೇಡ. ಹುಡುಕ್ತಿದೀನಿ."

ಫೋನ್ ಮಗುಚಿಟ್ಟೆ. ನಿಂತಿತು. ಬರೆಯುತ್ತಿರುವಾಗಲೇ ಮತ್ತೆ ಹೊಡೆದುಕೊಳ್ಳುತ್ತಿದೆ. ಹಾಸಿಗೆಯೆಲ್ಲ ಗುಂಯ್ ಅನ್ನುತ್ತಿದೆ. ಅಕ್ಕನಿಗೆ ಸಿಗುತ್ತದೆ. ಸಿಗದಿದ್ದರೂ ಅವರು ಏಳುತ್ತಾರೆ, ಮನೆಗೆ ಹೋಗುತ್ತಾರೆ. ಗೊತ್ತು. ಆದರೂ ಫೋನಿನ ಮೇಲಿಂದ ಕೈ ತೆಗೆದಿಲ್ಲ.

ಗುಬ್ಬಿಗೆ ಎಚ್ಚರವಾಯಿತು.

"ಅಮ್ಮ, ಫೋನು. ಎತ್ತಲ್ವಾ?"

ಅವಳಿಗೆ ಏನು ಹೇಳಲೆಂದು ಈ ಸಲ ಹುಡುಕಲಿಲ್ಲ. "ಎತ್ತಲ್ಲ," ಅಂದೆ.