ಯಾರ ಮನೆಗೆ ಮೊದಲು

ಮಂಡಿ ಮೊಹಲ್ಲಾ, ಮೈಸೂರು
೧೪ ಜೂನ್ ೧೯೨೭

ಮುದ್ದಿನ ಅಂತೋಣಮ್ಮನಿಗೆ ಅಮ್ಮನ ಪ್ರೀತಿಯ ಹರಕೆ.

ಅಳಿಯಂದಿರು ಅರಸೀಕೆರೆಯಿಂದ ಬರೆದ ಕಾಗದ ತಲುಪಿ ಒಂಬತ್ತು ದಿನವಾಯಿತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದೆ. ತಡಮಾಡಿದ್ದಕ್ಕೆ ಕ್ಷಮಿಸು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದೀಯಾ? ತಣ್ಣೀರಿನಲ್ಲಿ ಕೈ ಇಡಬೇಡ.

ಹೆರಿಗೆ ಆಸ್ಪತ್ರೆಯಲ್ಲಿ ನರ್ಸಮ್ಮಂದಿರು ಮೂವರಿದ್ದೆವು, ಈಗ ನಾನೊಬ್ಬಳೇ. ಮನೆಗಳಿಂದ ಕರೆ ಬಂದರೆ ಯಾರ ಮನೆಗೆ ಮೊದಲು, ಯಾರ ಮನೆಗೆ ಆಮೇಲೆ ಎಂದು ನಾನೇ ತೀರ್ಮಾನಿಸಬೇಕು. ಅದನ್ನು ಡಾಕ್ಟರ್ ಭಾನುಮತಿಯವರು ನನಗೇ ಬಿಟ್ಟಿದ್ದಾರೆ. ಊಟಕ್ಕೆ ಕೂತರೂ ಕಿವಿ ಬಾಗಿಲ ಕಡೆಗೇ ಇರುತ್ತದೆ.

ಕಳೆದ ಶುಕ್ರವಾರ ಬೆಳಿಗ್ಗೆ ಅರಮನೆ ಕಚೇರಿಯ ನಂಜುಂಡಯ್ಯನವರು ಅಗ್ರಹಾರದ ತಮ್ಮ ಮನೆಯಿಂದ ಸೊಸೆಯ ಹೆರಿಗೆಗೆಂದು ಜಟಕಾ ಕಳಿಸಿದರು. ಹತ್ತುವಷ್ಟರಲ್ಲಿ ಈರನಗೆರೆಯ ಶಿವಮಲ್ಲಪ್ಪ ಓಡಿ ಬಂದ.

"ನನ್ನ ಹೆಂಡ್ರು ಮಾದೇವಮ್ಮ ನೆನ್ನೆಯಿಂದ ನೋಯ್ತಾ ಅವಳೆ, ತಾಯಿ. ಈಗ ಮಗೀನ ಕಾಲು ಕಾಣ್ತಾದೆ," ಎಂದ.

ಜಟಕಾದ ದೇವಯ್ಯನನ್ನು, ಸೊಸೆಗೆ ನೋವು ಎಷ್ಟು ಸಲ ಬಂತು ಎಂದು ಕೇಳಿದೆ. "ಎರಡು ಸಲ ಬಂದದಂತೆ ಕಣಮ್ಮ," ಎಂದ. "ಹಾಗಾದರೆ ಈರನಗೆರೆಗೆ ಹೊಡಿ," ಎಂದೆ. ಅವನು ಹೆದರಿದ. ಶಿವಮಲ್ಲಪ್ಪನನ್ನೂ ಹತ್ತಿಸಿಕೊಂಡು ನಾನೇ ಲಗಾಮು ಎಳೆದು ದೇವಯ್ಯನ ಕೈಗೆ ಕೊಟ್ಟೆ.

ಮಾದೇವಮ್ಮನಿಗೆ ಪ್ರಜ್ಞೆ ತಪ್ಪುತ್ತಿತ್ತು. ಮಗು ನೀಲಿಗಟ್ಟಿ ಬಂತು. ಬಾಯಿ ಒರೆಸಿ, ಬೆನ್ನು ತಿಕ್ಕಿ, ಉಸಿರು ಕೊಟ್ಟೆ. ಬಹಳ ಹೊತ್ತಿನ ಮೇಲೆ ಅತ್ತಿತು, ತಾಯಿಯೂ ಕಣ್ಣು ಬಿಟ್ಟಳು. ಅಲ್ಲಿಂದ ನೇರ ಅಗ್ರಹಾರಕ್ಕೆ ಹೋದೆ. ಸಂಜೆ ದೀಪ ಹಚ್ಚುವಾಗ ನಂಜುಂಡಯ್ಯನವರಿಗೆ ಮೊಮ್ಮಗಳು ಹುಟ್ಟಿದಳು.

ಆದರೂ ಮಾರನೆಯ ದಿನ ಅವರು ಆಸ್ಪತ್ರೆಗೆ ಬಂದು ಡಾಕ್ಟರಮ್ಮನ ಎದುರಿಗೇ, "ಗಾಡಿ ಕಳಿಸಿದವರು ನಾವು, ಮೊದಲು ಕರೆದವರೂ ನಾವು ಕಣ್ರೀ. ಇವರು ಇನ್ನೊಬ್ಬರ ಮನೇಗೆ ಹೋಗ್ಬುಟ್ರಲ್ಲ," ಎಂದರು.

"ನಿಮ್ಮ ಸೊಸೆಗೆ ಸಂಜೆವರೆಗೂ ಹೊತ್ತಿತ್ತು ಸ್ವಾಮಿ. ಆಕೆಗೆ ಅರ್ಧ ಗಂಟೆಯೂ ಇರಲಿಲ್ಲ," ಎಂದೆ.

ಅವರು, "ಆ ಮಗು ಉಳೀತೇ?" ಎಂದು ಕೇಳಿದರು. ಉಳಿಯಿತು ಎಂದೆ. ಅವರು ಹೊರಟುಹೋದರು. "ನಮ್ಮ ನರ್ಸ್ ಲೂರ್ದಮ್ಮನ ಅಂದಾಜು ತಪ್ಪೋದಿಲ್ಲ," ಎಂದು ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಹೋಗಿ, ಒಗೆದಿದ್ದ ಬಟ್ಟೆಗಳನ್ನೇ ಮತ್ತೊಮ್ಮೆ ಒಗೆದೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಮರಿಯಮ್ಮನವರು ನಿನ್ನ ತಲೆ ಕಾಯಲಿ.

ನಿನ್ನ ಅಮ್ಮ,
ಲೂರ್ದಮ್ಮ

ಮರೆತ ಮಾತಲ್ಲ, ಬರೆಯಲಾಗದೆ ಉಳಿದದ್ದು: ನಿನ್ನ ಮಗು ಉಸಿರಾಡಲೇ ಇಲ್ಲ ಎಂದು ಅಳಿಯಂದಿರು ಬರೆದಿದ್ದರು. ಪಕ್ಕದಲ್ಲಿ ಯಾರೂ ಪಳಗಿದವರು ಇರಲಿಲ್ಲವಂತೆ. "ಅಮ್ಮನಿಗೆ ರಜ ಕೊಡಲಿಲ್ಲ, ಇಲ್ಲದಿದ್ದರೆ ಬರುತ್ತಿದ್ದರು," ಎಂದು ನೀನು ಎಲ್ಲರಿಗೂ ಹೇಳಿದೆಯಂತೆ. ನಾನು ರಜ ಕೇಳಿರಲೇ ಇಲ್ಲ ಮಗಳೇ. ನಿನ್ನದು ಚೊಚ್ಚಲ ಹೆರಿಗೆ, ಇನ್ನೂ ಹತ್ತು ದಿನವಿದೆ, ಇಲ್ಲಿಯದು ಮುಗಿಸಿ ಹೋದರಾಯಿತು ಎಂದುಕೊಂಡೆ. ಇವತ್ತು ಕೇಳಿದೆ. ಡಾಕ್ಟರಮ್ಮ ಒಂದೇ ಮಾತಿಗೆ ಕೊಟ್ಟರು. ಗುರುವಾರದ ರೈಲಿಗೆ ಬರುತ್ತೇನೆ. ನನ್ನ ಮುಖ ನೋಡಲು ನಿನಗೆ ಮನಸ್ಸಾಗದಿದ್ದರೆ ಸ್ಟೇಷನ್ನಿನಲ್ಲೇ ಕೂತಿರುತ್ತೇನೆ.