ಪ್ರೇಕ್ಷಕರ ಎರಡನೇ ಸಾಲು

ಫೆಬ್ರವರಿ 4, ಬೆಳಿಗ್ಗೆ 11.40
ಇವತ್ತೂ ಅವಳೇ ಮೊದಲು. ಟಿವಿಯ ಪದ ಜೋಡಿಸುವ ಆಟದಲ್ಲಿ ಚ್ಚು-ರ-ಬೆ-ಳ ಎಂದು ಅಕ್ಷರ ಚೆಲ್ಲಿದರು. ಆಟಗಾರರು ಕಣ್ಣು ಕಣ್ಣು ಬಿಡುತ್ತಿದ್ದರು. ನನ್ನ ಹೆಂಡತಿ ಬಟ್ಟೆ ಮಡಚುತ್ತಲೇ "ಬೆರಳಚ್ಚು" ಎಂದಳು. ಲಿಫ್ಟ್ ರಿಪೇರಿ ಕೆಲಸದಲ್ಲಿ ನಾನು ಕಾಲು ಮುರಿದುಕೊಂಡು ಮನೆಯಲ್ಲಿ ಕೂತ ಮೇಲೆ ದಿನಾ ಇದೇ. ಇಷ್ಟು ಬುದ್ಧಿವಂತೆಯನ್ನು ನಾನು ಮದುವೆಯಾಗಿರಲಿಲ್ಲ. ಯಾರೋ ಹೇಳಿಕೊಡುತ್ತಿದ್ದಾರೆ.

ಫೆಬ್ರವರಿ 6, ಗುರುವಾರ
ಮಧ್ಯಾಹ್ನ ಇಸ್ತ್ರಿ ಬಟ್ಟೆ, ಪೌಡರ್. "ಅಕ್ಕನ ಮನೆಗೆ ಹೋಗ್ಬರ್ತೀನಿ." ಅವಳ ಅಕ್ಕನಿಗೆ ಫೋನ್ ಮಾಡಿದೆ. "ಅವಳು ಇಲ್ಲಿಗೆ ಬಂದು ತಿಂಗಳಾಯ್ತಲ್ಲ?" ಸಂಜೆ ಬಂದವಳ ಮುಖ ಅರಳಿತ್ತು. ಕೇಳಲಿಲ್ಲ. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾಳೆ.

ಫೆಬ್ರವರಿ 12, 11.15
ಸಿಕ್ಕಿಬಿದ್ದಳು. ಟಿವಿಯೊಳಗೆ, ಪ್ರೇಕ್ಷಕರ ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಾಳೆ. ಅಸಲಿ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಂದರೆ ಗುರುವಾರ ರೆಕಾರ್ಡಿಂಗ್‌ಗೆ ಹೋಗಿ ಉತ್ತರ ಕೇಳಿಕೊಂಡು ಬರುತ್ತಾಳೆ. ಅದು ಸರಿ... ಪಕ್ಕದಲ್ಲಿದ್ದ ಕನ್ನಡಕದವನು ಯಾರು? ಬಗ್ಗಿ ಏನೋ ಹೇಳಿದ. ನಕ್ಕಳು. ಮನೆಯಲ್ಲಿ ಹಾಗೆ ನಕ್ಕು ಎಷ್ಟು ಕಾಲವಾಯಿತೋ.

ಫೆಬ್ರವರಿ 20, ಸಂಜೆ
ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಇವತ್ತು ಅವಳು ಹೊರಟ ಮೇಲೆ ಕೋಲು ಹಿಡಿದು, ಬಸ್ ಹತ್ತಿ ಸ್ಟುಡಿಯೋಗೆ ಹೋದೆ. ಬಾಗಿಲಲ್ಲಿ ಅದೇ ಕನ್ನಡಕ. ಜನರನ್ನು ಕೂರಿಸಿ ಚಪ್ಪಾಳೆ ತಟ್ಟಿಸುವುದು ಅವನ ಕೆಲಸವಂತೆ.
"ಆಟಗಾರರ ಮನೆಯವರನ್ನ ಒಳಗೆ ಬಿಡಲ್ಲ. ಉತ್ತರ ಹೇಳ್ಕೊಡ್ತಾರೆ. ನೀವು ಯಾರ ಕಡೆಯವರು?"
"ಯಾರ ಕಡೆಯವನೂ ಅಲ್ಲ."
ಎರಡನೇ ಸಾಲಿನಲ್ಲಿ ಅವಳಿಲ್ಲ. ದೀಪ ಹತ್ತಿತು — ಆಟದ ಮೇಜಿನ ಹಿಂದೆ ನಿಂತಿದ್ದಾಳೆ. ಪ್ರೇಕ್ಷಕರಲ್ಲಿ ಚುರುಕಾದವರನ್ನು ಆಟಕ್ಕೆ ಆರಿಸುತ್ತಾರಂತೆ, ಪಕ್ಕದ ಹೆಂಗಸು ಹೇಳಿದಳು. ಒಂದೊಂದೇ ಪದ ಬಿಡಿಸುತ್ತ ಕೊನೆಯದಕ್ಕೆ ಬಂದಳು. ಗೆದ್ದರೆ ಫೈನಲ್. ತಡವರಿಸಿದಳು. ಕಣ್ಣೆತ್ತಿದಾಗ ನಾನು ಕಂಡೆ. ಮುಖ ಬೆಳಗಿತು. "ಪಡಸಾಲೆ" ಎಂದಳು. ಸರಿಯುತ್ತರ.
ಕನ್ನಡಕದವನು ನನ್ನನ್ನೇ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಲೆ ತಗ್ಗಿಸಿದೆ. ಆಟ ನಿಂತಿತು.
"ಮೇಡಂ, ಅವರು ನಿಮಗೆ ಏನಾಗ್ಬೇಕು?"
ಯಾರೂ ಅಲ್ಲ ಅನ್ನು, ಮಾರಾಯ್ತಿ...
"ನಮ್ಮ ಯಜಮಾನ್ರು."
ಆಟದಿಂದ ತೆಗೆದರು. ಬಸ್ಸಿನಲ್ಲಿ ಅವಳು ಕಿಟಕಿ ಕಡೆ ತಿರುಗಿ ಕೂತಳು.

ಮಾರ್ಚ್ 10
ಕಾರ್ಯಕ್ರಮವೇ ಬಂದ್. ನೋಡುವವರಿಲ್ಲವಂತೆ. ಆ ಹೊತ್ತಿಗೆ ಈಗ ಹಾಸಿಗೆ ಜಾಹೀರಾತು. ಕೈಕಾಲು ಹಿಡಿದು ಅವಳಿಗೆ ಇನ್ನೊಂದು ಅವಕಾಶ ಕೇಳೋಣ ಎಂದಿದ್ದೆ, ಅದೂ ಹೋಯಿತು.
ಇವತ್ತು ಬಾಯಿ ಬಿಟ್ಟಳು. "ಗೆದ್ಮೇಲೆ ಹೇಳೋಣ ಅಂತಿದ್ದೆ. ಮೊದಲೇ ಹೇಳಿದ್ರೆ ನೀವು ನಗ್ತಿದ್ರಿ." ಆಮೇಲೆ ಮೆಲ್ಲಗೆ, "ಆ ಕಾಲಿಟ್ಕೊಂಡು, ನಾನು ಆಡೋದು ನೋಡೋಕೆ ಬಂದ್ರಾ?"
"ಹೂಂ."
ನಂಬಿಬಿಟ್ಟಳು. ಕಣ್ಣು ತುಂಬಿಕೊಂಡಳು. "ಹಾಗಾದ್ರೆ ಹೋಗ್ಲಿ ಬಿಡಿ, ಬೇಜಾರಿಲ್ಲ."
ನಾಚಿಕೆಯಿಂದ ಕುಗ್ಗಿಹೋದೆ. ನಿಜ ಹೇಳಬೇಕು. ನಾಳೆಯೇ.
ಆದರೂ... ಒಂದು ಮಾತು ತಿರುಗಿ ಕೇಳದೆ ಹೇಗೆ ನಂಬಿದಳು? ಅವಳೂ ನನ್ನ ಹಾಗೆ ಏನಾದರೂ ಮುಚ್ಚಿಟ್ಟು —